ಎಡ ಕಂಬ, ಬಲ ಕಂಬ

ಡಿಸೆಂಬರ್ ಹದಿಮೂರು, ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಪುಣೆ ಪಕ್ಕದ ಭೋಸರಿಯ ನಮ್ಮ ಮನೆಯ ಹಾಲ್. ಹಾಜರಿದ್ದವರು ಮೂವರು: ನಾನು, ಹೆಂಡತಿ ಮಹಾದೇವಿ, ಬೆಳಗಿನ ಮೊದಲ ಗಾಡಿಗೆ ದೌಂಡ್‌ನಿಂದ ಬಂದಿದ್ದ ಮಗಳು ಸವಿತಾ. ಹಾಸಿದ ಚಾದರದ ಮೇಲೆ ಸಾಲಾಗಿ ಇಟ್ಟದ್ದು: ಕಾಲಿನ ಪ್ಯಾಡ್ ಒಂದು ಜೊತೆ, ಎದೆಗವಚ ಒಂದು, ಕೈಗವಸು ಎರಡು, ಮುಖಕ್ಕೆ ಜಾಲರಿಯಿದ್ದ ಹೆಲ್ಮೆಟ್ ಒಂದು, ಸ್ಕೇಟ್ ಬೂಟು ಒಂದು ಜೊತೆ, ಅಗಲ ತುದಿಯ ಕೋಲು ಒಂದು.

ಹದಿನಾಲ್ಕು ಚಳಿಗಾಲ ನಾನು ಲೇಹ್‌ನಲ್ಲಿ ಸೈನ್ಯದ ಐಸ್ ಹಾಕಿ ತಂಡಗಳಿಗೆ ಗೋಲ್‌ಕೀಪರ್ ಆಗಿದ್ದೆ. ಅದರಲ್ಲಿ ಉಳಿದದ್ದು ಇಷ್ಟು ಸಾಮಾನು. ಇದನ್ನು ಹನ್ನೆರಡು ಗಂಟೆಯೊಳಗೆ ಪಾರ್ಸೆಲ್ ಕಚೇರಿಗೆ ಮುಟ್ಟಿಸಬೇಕಿತ್ತು. ಮುಟ್ಟಿಸುವುದೆಂದರೆ, ಇನ್ನು ಯಾವತ್ತೂ ನಾನು ಮಂಜುಗಡ್ಡೆಯ ಮೇಲೆ ಗೋಲಿನ ಮುಂದೆ ನಿಲ್ಲುವುದಿಲ್ಲ ಎಂದು ಒಪ್ಪಿಕೊಳ್ಳುವುದು. ಐದು ವರ್ಷ ನಾನು ಅದನ್ನು ಒಪ್ಪಿರಲಿಲ್ಲ.

ನನಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಅದು ಏನು, ಯಾಕೆ ಬರುತ್ತದೆ ಎಂಬುದನ್ನು ನಿಮ್ಮ ಡಾಕ್ಟರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಬಾಗಿಲಿಗೆ ಬಂದಾಗ ಕಾಲು ನೆಲಕ್ಕೆ ಅಂಟಿಕೊಂಡು, ಹಿಂದಿನವರು ಸರಿಯಿರಿ ಎನ್ನುತ್ತಿರುವಾಗ ಒಬ್ಬ ಮನುಷ್ಯ ಏನು ಯೋಚಿಸುತ್ತಾನೆ ಎಂಬುದನ್ನು ಯಾರಾದರೂ ಬರೆದಿದ್ದರೆ ಆಗ ನನಗೆ ಉಪಕಾರವಾಗುತ್ತಿತ್ತು.

ಅಪ್ಪ ಆಳಂದದ ಕಡೆಯವರು, ಗಾರೆ ಕೆಲಸಕ್ಕೆ ಪುಣೆಗೆ ಬಂದವರು. ನಾನು ಬೆಳೆದದ್ದು ಕಟ್ಟುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ. ಹತ್ತೊಂಬತ್ತಕ್ಕೆ ಸೈನ್ಯ ಸೇರುವವರೆಗೆ ನಾನು ಕಂಡ ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿ ಸುತ್ತಿಟ್ಟ ತುಂಡು. ಲೇಹ್‌ಗೆ ಹಾಕಿದ ಮೊದಲ ಚಳಿಗಾಲದಲ್ಲಿ ಒಂದು ಇಡೀ ಕೆರೆ ತುದಿಯಿಂದ ತುದಿಗೆ ಗಟ್ಟಿಯಾಗಿ ನಿಂತದ್ದನ್ನು ಕಂಡೆ. ಅದರ ಮೇಲೆ ನಮ್ಮವರೇ ಕೋಲು ಹಿಡಿದು ಓಡಾಡುತ್ತಿದ್ದರು. ಬಾಯಿ ತೆರೆದು ನಿಂತ ನನ್ನನ್ನು ನೋಡಿ ಹವಾಲ್ದಾರರು ಹಿಂದಿಯಲ್ಲಿ ಕೇಳಿದರು:

"ಸ್ಕೇಟಿಂಗ್ ಬರುತ್ತದಾ?"

"ಇಲ್ಲ ಸಾಬ್."

"ಹಾಗಾದರೆ ಗೋಲಿನಲ್ಲಿ ನಿಲ್ಲು. ಅಲ್ಲಿಂದ ಎಲ್ಲಿಗೂ ಹೋಗಬೇಕಾಗಿಲ್ಲ."

ನನ್ನ ವೃತ್ತಿ ಶುರುವಾದದ್ದು ಹೀಗೆ. ಸೈನ್ಯದ ಬೂಟಿಗೇ ಉಕ್ಕಿನ ಅಲಗು ಬಡಿದು ಕೊಟ್ಟರು. ಮೊದಲ ರಜೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ.

"ನೀರಿನ ಮ್ಯಾಲ ನಿಂತು ಆಡ್ತೀ?" ಎಂದರು.

"ಹೌದಪ್ಪ. ಗಟ್ಟಿಯಾದ ನೀರು."

"ಅದಕ್ಕ ಸರಕಾರ ಪಗಾರ ಕೊಡ್ತದ?"

"ಕೊಡ್ತದ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಹಂಗಾದ್ರ ಬೀಳಬ್ಯಾಡ," ಎಂದರು.

ತಂಡದಲ್ಲಿ ಸ್ತಾನ್ಜಿನ್ ಎಂಬ ಲಡಾಖಿ ಹುಡುಗನಿದ್ದ. ನನ್ನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವುದು ಅವನ ಕೆಲಸ. ಗೋಲ್‌ಕೀಪರಿಗೆ ಬೇಕಾದ ಎರಡು ಪಾಠಗಳನ್ನು ಅವನೇ ಕಲಿಸಿದ. ಒಂದು: ಗೋಲು ನಿನ್ನ ಬೆನ್ನ ಹಿಂದಿರುತ್ತದೆ, ತಿರುಗಿ ನೋಡಿದರೆ ಕೆಟ್ಟೆ. ಕೋಲಿನಿಂದ ಎಡ ಕಂಬ ತಟ್ಟು, ಬಲ ಕಂಬ ತಟ್ಟು, ಎಲ್ಲಿದ್ದೀಯ ಎಂದು ಗೊತ್ತಾಗುತ್ತದೆ. ಎರಡು: ನೋಯುವ ಬದಿಯನ್ನು ಯಾರಿಗೂ ತೋರಿಸಬೇಡ, ಎದುರಿನವರು ಅಲ್ಲಿಗೇ ಹೊಡೆಯುತ್ತಾರೆ.

ಮೊದಲನೆಯ ಪಾಠ ನನ್ನನ್ನು ಉಳಿಸಿತು. ಎರಡನೆಯದು ನನ್ನ ಎರಡು ವರ್ಷ ತಿಂದಿತು.

ನಿವೃತ್ತಿಯ ನಂತರ ಭೋಸರಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಭದ್ರತಾ ಮೇಲ್ವಿಚಾರಕನಾಗಿದ್ದೆ. ಒಳಗೆ ಹೋದ, ಹೊರಗೆ ಬಂದ ಪ್ರತಿ ಗಾಡಿಯ ನಂಬರನ್ನು ನಾನೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಅಚ್ಚಿನಂಥ ಅಕ್ಷರದಲ್ಲಿ. ಒಂದು ದಿನ ಮ್ಯಾನೇಜರ್ ಪುಟ ತಿರುವಿ, "ಕಾಕಾ, ಮುಂಗ್ಯಾ ಲಿಹಿಲ್ಯಾತ್ ಕಾ?" ಎಂದು ನಕ್ಕರು. ಇರುವೆ ಬರೆದಿದ್ದೀರಾ ಎಂದು. ನೋಡಿದರೆ ನಿಜ. ಸಾಲಿನ ಆರಂಭದಲ್ಲಿ ಸರಿಯಿದ್ದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟಾಗಿತ್ತು. ಕನ್ನಡಕ ಬದಲಿಸಿದೆ.

ಆಮೇಲೆ ಬಲಗೈ ನಡುಗತೊಡಗಿತು. ಅದನ್ನು ಜೇಬಿನಲ್ಲಿಟ್ಟೆ. ಭುಜ ಬಿಗಿಯಾಯಿತು. ಮೂಳೆಯ ಡಾಕ್ಟರ ಬಳಿ ಹೋಗಿ ಭುಜ ನೋವು ಎಂದಷ್ಟೇ ಹೇಳಿದೆ. ಅವರ ಕೋಣೆಗೆ ಹೋಗುವಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ, ಫೈಲನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು ನಡೆಯುತ್ತಿದ್ದೆ. ಗಟ್ಟಿಯಾಗಿ ಹಿಡಿದರೆ ನಡುಗುವುದಿಲ್ಲ. ಅವರು ಭುಜಕ್ಕೆ ಶಾಖ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ದಿನಕ್ಕೆ ಎರಡು ಬಾರಿ, ಗಡಿಯಾರ ನೋಡಿ, ಒಂದು ದಿನವೂ ತಪ್ಪದೆ ಮಾಡಿದೆ. ಡಾಕ್ಟರದ್ದು ತಪ್ಪಿಲ್ಲ. ತೋರಿಸದಿದ್ದುದನ್ನು ಅವರು ಹೇಗೆ ಕಂಡಾರು?

ಮಹಾದೇವಿ ಮಾತ್ರ ಒಂದು ಸಲ ಕೇಳಿದಳು. "ಏನ್ರೀ, ಆ ಕೈ ಕಿಸೆದಾಗ ಏನ್ ಇಟಗೊಂಡದ? ಹಗಲೆಲ್ಲ ಅಲ್ಲೇ ಇರ್ತದ."

"ರೂಢಿ," ಎಂದೆ.

"ನಲವತ್ತು ವರ್ಷ ಇಲ್ಲದ ರೂಢಿ," ಎಂದು ಒಳಗೆ ಹೋದಳು.

ಸಿಕ್ಕಿಬಿದ್ದದ್ದು ದೌಂಡ್ ಸ್ಟೇಷನ್ನಿನಲ್ಲಿ. ಸವಿತಾ ಅಲ್ಲೇ ರೈಲ್ವೆಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಮನೆಯಲ್ಲಿ ನಾಲ್ಕು ದಿನ ಇದ್ದು ವಾಪಸ್ ಹೊರಟಿದ್ದೆ. ಗಾಡಿ ನಿಂತಿತು. ಬೋಗಿಯ ಬಾಗಿಲಿಗೆ ಬಂದೆ. ಕಾಲು ಏಳಲಿಲ್ಲ. ನೋವಿಲ್ಲ, ಸೋಲಿಲ್ಲ. ಕಾಲಿಗೆ ನನ್ನ ಆಜ್ಞೆ ಮುಟ್ಟಲಿಲ್ಲ, ಅಷ್ಟೇ. ಹಿಂದೆ ಜನ ನೂಕುತ್ತಿದ್ದರು.

"ಅಪ್ಪಾ, ಕಾಲ್ ಎತ್ತು!"

"ಎತ್ತಲತ್ತೀನಿ."

"ಎಲ್ಲಿ ಎತ್ತಲತ್ತಿ? ಅಲ್ಲೇ ಅದ!"

ಗಾಡಿ ಹೋಯಿತು. ಬೆಂಚಿನ ಮೇಲೆ ಕೂತೆವು. ಆಗಲೂ ನನ್ನ ಬಲಗೈ ಜೇಬಿನಲ್ಲೇ ಇತ್ತು. ಸವಿತಾ ಅದನ್ನು ಹೊರಗೆ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಮುಂದಿನ ಗಾಡಿ ಬರುವವರೆಗೆ ಅದು ಅಲ್ಲೇ ನಡುಗುತ್ತಿತ್ತು.

ಅದೇ ವಾರ ಅವಳು ನನ್ನನ್ನೂ ಮಹಾದೇವಿಯನ್ನೂ ನರರೋಗದ ಡಾಕ್ಟರ ಬಳಿ ಕರೆದೊಯ್ದಳು. ಕಾಯುವ ಕೋಣೆಯಲ್ಲಿ ಎರಡೂಕಾಲು ಗಂಟೆ. ಅಲ್ಲಿ ಯಾರೂ ಪೇಪರ್ ಓದುತ್ತಿರಲಿಲ್ಲ, ನಡುಗುವ ಕೈಯಲ್ಲಿ ಪುಟ ಸದ್ದು ಮಾಡುತ್ತದೆಂದು ಇರಬೇಕು. ಪಕ್ಕದಲ್ಲಿ ಇಂದಾಪುರದ ಕಡೆಯ ಒಬ್ಬ ಕಬ್ಬಿನ ರೈತ. ಅವನ ಎರಡೂ ಕೈಗಳನ್ನು ಹೆಂಡತಿ ತನ್ನ ಸೆರಗಿನೊಳಗೆ ಹಿಡಿದು ಕೂತಿದ್ದಳು, ಚಳಿಯಾದ ಮಗುವಿನ ಕೈ ಹಿಡಿದಂತೆ. ಅವನು ನನ್ನ ಜೇಬು ನೋಡಿ ಮರಾಠಿಯಲ್ಲಿ ಕೇಳಿದ, "ನಿಮ್ಮದು ಬಲಗೈಯಾ?" ಹೌದೆಂದೆ. "ನನ್ನದು ಎರಡೂ. ನಿಮ್ಮದು ಅರ್ಧ ಟಿಕೆಟ್," ಎಂದ. ಆ ಕಾಯಿಲೆಯ ಬಗ್ಗೆ ನಾನು ಮೊದಲ ಬಾರಿ ನಕ್ಕದ್ದು ಅಲ್ಲಿ. ಅದಕ್ಕೆ ಇನ್ನೂ ಹೆಸರು ಸಿಕ್ಕಿರಲಿಲ್ಲ.

ಡಾಕ್ಟರು ನನ್ನ ಮಗಳ ವಯಸ್ಸಿನ ಮರಾಠಿ ಹೆಣ್ಣುಮಗಳು. ಎರಡೂ ಕೈ ಮೇಜಿನ ಮೇಲಿಡಿ ಎಂದರು. ನಾನು ಎಡಗೈ ಇಟ್ಟೆ.

"ಎರಡೂ," ಎಂದರು.

ಬಲಗೈ ಜೇಬಿನಿಂದ ಬರಲಿಲ್ಲ. ಆಗ ಸವಿತಾ ಹೇಳಿದಳು: "ಅಪ್ಪಾ, ಮುಂದ ಕುಂತವರು ಆ ಕಡೀ ಟೀಮಿನವರಲ್ಲ."

ಕೈ ಇಟ್ಟೆ. ಅದು ತನ್ನಷ್ಟಕ್ಕೆ ತಾನು ಏನನ್ನೋ ಎಣಿಸುವಂತೆ ನಡುಗಿತು. ಡಾಕ್ಟರು ನಡೆಸಿದರು, ತಿರುಗಿಸಿದರು, ಬರೆಸಿದರು, ಕೊನೆಗೆ ಹೆಸರು ಹೇಳಿದರು. ಮಹಾದೇವಿ ಕೇಳಿದ್ದು, ಊಟದಲ್ಲಿ ಏನು ಬಿಡಬೇಕು ಎಂದು. ಸವಿತಾ ಎಷ್ಟು ವರ್ಷದಿಂದ ಇದ್ದಿರಬಹುದು ಎಂದು ಕೇಳಿದಳು. ನಾನು, ಮತ್ತೆ ಮಂಜುಗಡ್ಡೆಯ ಮೇಲೆ ನಿಲ್ಲಬಹುದೇ ಎಂದು ಕೇಳಿದೆ. ಡಾಕ್ಟರು ನನ್ನ ಮುಖ ನೋಡಿದರು. ಸವಿತಾ ವಿವರಿಸಿದಳು. "ಬಘೂ ಯಾ," ಎಂದರು ಡಾಕ್ಟರು. ನೋಡೋಣ.

ಆ ಒಂದು ಮಾತನ್ನು ನಾನು ಐದು ವರ್ಷ ಕಾಪಾಡಿದೆ.

ಹೊರಗೆ ಆಸ್ಪತ್ರೆಯ ಎದುರಿಗೆ ಮಂಗಳೂರು ಕಡೆಯ ಶೆಟ್ಟರ ಹೋಟೆಲು. ಚಹಾ ಹೇಳಿದೆವು. ನನ್ನ ಕಪ್ಪಿನಿಂದ ಅರ್ಧ ಚಹಾ ತಟ್ಟೆಗೆ, ಉಳಿದದ್ದು ಅಂಗಿಗೆ. ಗಲ್ಲೆಯಲ್ಲಿದ್ದ ಶೆಟ್ಟರು ನೋಡಿದರು. ಮುಂದಿನ ತಿಂಗಳು ಹೋದಾಗ ಕೇಳದೆಯೇ ನನಗೆ ಮಾತ್ರ ಎತ್ತರದ ಸ್ಟೀಲಿನ ಲೋಟದಲ್ಲಿ ಅರ್ಧ ಚಹಾ ಬಂತು, ಸ್ವಲ್ಪ ಹೊತ್ತಿಗೆ ಇನ್ನರ್ಧ. ಇಂದಿಗೂ ಹಾಗೆಯೇ ಬರುತ್ತದೆ. ಆ ಬಗ್ಗೆ ಒಂದು ಮಾತನ್ನೂ ನಾವಿಬ್ಬರೂ ಆಡಿಲ್ಲ.

ಗುಳಿಗೆಗೆ ನಾನು ಹೇಳಿ ಮಾಡಿಸಿದ ರೋಗಿ. ಅಲಮಾರಿಯ ಬಾಗಿಲಿನ ಒಳಬದಿಗೆ ನನ್ನ ವಾರದ ವೇಳಾಪಟ್ಟಿ ಅಂಟಿಸಿರುತ್ತದೆ. ಸೈನ್ಯ ಬಿಟ್ಟಂದಿನಿಂದ ಇದೆ. ಅದರಲ್ಲಿ ಗುಳಿಗೆಯ ಹೊತ್ತುಗಳನ್ನು ಸೇರಿಸಿದೆ. ಶನಿವಾರದ ಸಾಲಿನಲ್ಲಿ ಮೊದಲಿನಿಂದಲೂ ಇದ್ದದ್ದು: 'ಎಂಟು ಗಂಟೆ, ಪ್ಯಾಡ್ ಬಿಸಿಲಿಗೆ.' ಪ್ರತಿ ಶನಿವಾರ ಸಾಮಾನನ್ನು ಬಾಲ್ಕನಿಗೆ ತಂದು, ಒರೆಸಿ, ಸ್ಕೇಟಿನ ಅಲಗಿಗೆ ಎಣ್ಣೆ ಸವರುತ್ತಿದ್ದೆ. ಪುಣೆಯ ಮೇ ತಿಂಗಳಲ್ಲಿ, ಕೈಗವಸಿನೊಳಗೆ ಮೂಗಿಟ್ಟರೆ ಹಳೆಯ ಬೆವರು, ಸೀಮೆಎಣ್ಣೆ ಒಲೆಯ ಹೊಗೆ. ಕಣ್ಣು ಮುಚ್ಚಿದರೆ ಕೆರೆ.

ಆ ಕೆರೆಯ ಸದ್ದನ್ನು ಹೇಗೆ ಹೇಳಲಿ? ಬೆಳಗಿನ ಬಿಸಿಲು ಬಿದ್ದಾಗ ಮಂಜುಗಡ್ಡೆ ಒಳಗಿನಿಂದ ನರಳುತ್ತಿತ್ತು, ದೂರದಲ್ಲಿ ಯಾರೋ ದೊಡ್ಡ ಕಬ್ಬಿಣದ ಬಾಗಿಲು ಎಳೆದಂತೆ. ಮುಖದ ಜಾಲರಿಯ ಮೇಲೆ ನನ್ನದೇ ಉಸಿರು ಬಿಳಿಯ ಹರಳಾಗಿ ಕೂರುತ್ತಿತ್ತು. ಎದುರಿನಿಂದ ರಬ್ಬರಿನ ಕಪ್ಪು ಬಿಲ್ಲೆ ಬರುವಾಗ ಜಗತ್ತಿನಲ್ಲಿ ಬೇರೆ ಏನೂ ಇರುತ್ತಿರಲಿಲ್ಲ. ಅಪ್ಪನ ಕೆಮ್ಮಿಲ್ಲ, ಬಡ್ತಿಯ ಚಿಂತೆಯಿಲ್ಲ. ಕೊನೆಯ ಪಂದ್ಯ ಆಡಿದಾಗ ಅದು ಕೊನೆಯದೆಂದು ನನಗೆ ಗೊತ್ತಿರಲಿಲ್ಲ. ಎರಡು ಗೋಲು ಬಿಟ್ಟೆ, ಬೂಟು ಬಿಚ್ಚಿದೆ, ಚಹಾ ಕುಡಿಯಲು ಹೋದೆ. ಮರುವಾರ ವರ್ಗಾವಣೆಯ ಆದೇಶ ಬಂತು. ಗೊತ್ತಿದ್ದರೆ ಒಂದು ಸಲ ತಿರುಗಿ ನೋಡುತ್ತಿದ್ದೆ.

ಸ್ತಾನ್ಜಿನ್ ಪ್ರತಿ ಅಕ್ಟೋಬರಿನಲ್ಲಿ ಫೋನ್ ಮಾಡುತ್ತಾನೆ. ಜನವರಿಯಲ್ಲಿ ಹಳೆಯ ಆಟಗಾರರೆಲ್ಲ ಸೇರಿ ಒಂದು ಪಂದ್ಯ ಆಡುತ್ತಾರೆ. "ಬಾ ಉಸ್ತಾದ್, ಗೋಲು ಖಾಲಿ ಇದೆ," ಎನ್ನುತ್ತಾನೆ. ಐದು ವರ್ಷವೂ ನಾನು ಕೊಟ್ಟ ಉತ್ತರ ಒಂದೇ, ಮುಂದಿನ ಚಳಿಗಾಲಕ್ಕೆ ಬರುತ್ತೇನೆ ಎಂದು. ಕಾಯಿಲೆಯ ಬಗ್ಗೆ ಅವನಿಗೆ ಹೇಳಿರಲಿಲ್ಲ. ನೋಯುವ ಬದಿ ತೋರಿಸಬಾರದೆಂದು ಕಲಿಸಿದವನೇ ಅವನಲ್ಲವೇ?

ಈ ನಡುವೆ ಮನೆಯ ಬಾಗಿಲುಗಳು ನನಗೆ ಶತ್ರುಗಳಾದವು. ಬಯಲಿನಲ್ಲಿ ನಡೆಯುತ್ತೇನೆ, ಚೌಕಟ್ಟು ಬಂತೆಂದರೆ ನಿಂತೆ. ಬಚ್ಚಲಿನ ಬಾಗಿಲಲ್ಲಿ ಹತ್ತು ನಿಮಿಷ ನಿಂತದ್ದಿದೆ. ಸಮಯ ಪಾಲಿಸುವವನಿಗೆ ಹತ್ತು ನಿಮಿಷ ಎಷ್ಟು ಉದ್ದ ಎಂದು ಹೇಳಲಾರೆ. ಒಂದು ಶನಿವಾರ ಕೋಲು ಕೈಯಲ್ಲಿ ಹಿಡಿದು ಬಾಲ್ಕನಿಯ ಬಾಗಿಲಿಗೆ ಬಂದು ನಿಂತೆ. ಯೋಚಿಸದೆ, ಹಳೆಯ ರೂಢಿಯಂತೆ, ಎಡ ಚೌಕಟ್ಟು ತಟ್ಟಿದೆ, ಬಲ ಚೌಕಟ್ಟು ತಟ್ಟಿದೆ. ಕಾಲು ಎದ್ದಿತು. ಹೊರಗೆ ಬಿಸಿಲಿನಲ್ಲಿದ್ದೆ.

ಒಳಗೆ ಬಂದೆ, ಮತ್ತೆ ತಟ್ಟಿದೆ, ಮತ್ತೆ ಹೊರಗೆ. ಆರು ಸಲ ಹೀಗೆ ಮಾಡಿದೆ.

"ಬಾಗಿಲಿಗಿ ಯಾಕ್ ಹೊಡೀಲತ್ತೀರಿ?" ಮಹಾದೇವಿ ಹಿಟ್ಟಿನ ಕೈಯಲ್ಲೇ ಬಂದಳು. "ಬಣ್ಣ ಹೋಗ್ತದ."

"ನೋಡು, ನಡೀಲತ್ತೀನಿ."

ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಹಿಟ್ಟು ಕೆನ್ನೆಗೆ ಹತ್ತಿತು. "ಹೊಡೀರಿ. ಬಣ್ಣ ಮತ್ತ ಹಚ್ಚಿದ್ರಾತು," ಎಂದಳು. ಡಾಕ್ಟರಿಗೆ ತೋರಿಸಿದಾಗ, ಕೆಲವರಿಗೆ ಇಂಥದ್ದೇನೋ ಒಂದು ನೆರವಾಗುತ್ತದೆ, ನಿಮ್ಮದು ನಿಮಗೆ ಸಿಕ್ಕಿದೆ, ಬಿಡಬೇಡಿ ಎಂದರು. ಅಂದಿನಿಂದ ಮನೆಯೊಳಗೆ ಕೋಲು ನನ್ನ ಜೊತೆಗೇ ಇತ್ತು. ಹೊರಗೆ ಅದನ್ನು ಒಯ್ಯಲು ನಾಚಿಕೆ. ಅಲ್ಲಿ ಮಹಾದೇವಿಯ ತೋಳು.

ಈ ಅಕ್ಟೋಬರಿನಲ್ಲಿ ಸ್ತಾನ್ಜಿನ್ ಬೇರೆ ಮಾತು ಆಡಿದ. ಅವನ ಹಳ್ಳಿಯಲ್ಲಿ ಹುಡುಗಿಯರು ಒಂದು ತಂಡ ಕಟ್ಟಿದ್ದಾರೆ. ಗೋಲಿನಲ್ಲಿ ನಿಲ್ಲುವವಳು ಹಳೆಯ ಹಾಸಿಗೆಯ ಫೋಮ್ ಕತ್ತರಿಸಿ ಕಾಲಿಗೆ ಕಟ್ಟಿಕೊಳ್ಳುತ್ತಾಳೆ. "ಎತ್ತರವೂ ನಿನ್ನಷ್ಟೇ. ನಿನ್ನ ಸಾಮಾನು ಇನ್ನೂ ಇದೆಯಾ ಉಸ್ತಾದ್? ನೀನು ಬರುವುದಾದರೆ ಬೇಡ. ಬರುತ್ತೀಯಾ?"

ಮುಂದಿನ ಚಳಿಗಾಲ ಎನ್ನಲು ಬಾಯಿ ತೆರೆದೆ. ಡಾಕ್ಟರ ಮೇಜಿನ ಮುಂದೆ ಸವಿತಾ ಅಂದು ಹೇಳಿದ್ದ ಮಾತು ನೆನಪಾಯಿತು. ಎಲ್ಲವನ್ನೂ ಹೇಳಿದೆ: ಕೈ, ಕಾಲು, ಬಾಗಿಲು. ಆಮೇಲೆ ಅವನು ಕೇಳಿದ, "ಕಂಬ ತಟ್ಟುತ್ತೀಯಾ?"

"ದಿನಾ," ಎಂದೆ.

ನವೆಂಬರಿನಲ್ಲಿ ಡಾಕ್ಟರನ್ನು ನೇರವಾಗಿ ಕೇಳಿದೆ. ಲೇಹ್‌ನ ಎತ್ತರದಲ್ಲಿ, ಸ್ಕೇಟ್ ಕಟ್ಟಿ, ಗೋಲಿನ ಮುಂದೆ, ಒಂದು ಸಲ. "ನಾಹೀ, ಕಾಕಾ," ಎಂದರು. ಆಗುವುದಿಲ್ಲ. ನನ್ನ ಕೈ ಹಿಡಿದುಕೊಂಡು, "ಇಷ್ಟು ದಿನ ನೀವು ಹೀಗೆ ಕೇಳಿರಲಿಲ್ಲ," ಎಂದರು. ಶೆಟ್ಟರ ಹೋಟೆಲಿನಲ್ಲಿ ಎರಡನೆಯ ಅರ್ಧ ಲೋಟ ಮುಗಿಯುವಷ್ಟರಲ್ಲಿ ದಿನ ಗೊತ್ತು ಮಾಡಿದೆ: ಡಿಸೆಂಬರ್ ಹದಿಮೂರು.

ಆ ಬೆಳಿಗ್ಗೆ ನಾನು ಪಟ್ಟಿ ಓದಿದೆ, ಸವಿತಾ ಒಂದೊಂದೇ ಸಾಮಾನು ಮುಟ್ಟಿ ಹೂಂ ಎಂದಳು. ಕಟ್ಟಲು ದಾರ ತೆಗೆದಾಗ ತಡೆದಳು.

"ಒಂದ್ಸಲ ಹಾಕ್ಕೋ ಅಪ್ಪಾ."

"ವೇಳೆ ಇಲ್ಲ."

"ನಿನ್ನ ಪಟ್ಟಿದಾಗ ನಾಷ್ಟಾಕ್ಕ ಅರ್ಧ ತಾಸು ಅದ. ನಾಷ್ಟಾ ಆಮ್ಯಾಲ."

ಬೂಟು ಬಿಟ್ಟು ಉಳಿದದ್ದೆಲ್ಲ ಹಾಕಿದರು. ಒಂದೊಂದು ಪಟ್ಟಿ ಬಿಗಿಯಲು ತಾಯಿ ಮಗಳು ಇಬ್ಬರೂ ಬೇಕಾಯಿತು. "ಮದುಮಗನ ಹಾಂಗ ಕಾಣಲತ್ತೀರಿ," ಎಂದಳು ಮಹಾದೇವಿ, "ಭಾಳ ಉಂಡ ಮದುಮಗ." ನಾನು ಮಲಗುವ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ನಿಂತೆ. ಎಡ ತಟ್ಟಿದೆ, ಬಲ ತಟ್ಟಿದೆ, ಮೊಣಕಾಲು ಬಗ್ಗಿಸಿದೆ. ಗುಳಿಗೆ ಕೆಲಸ ಮಾಡುತ್ತಿದ್ದ ಒಳ್ಳೆಯ ಹೊತ್ತು ಅದು.

"ಹೊಡಿ," ಎಂದೆ.

ಮಹಾದೇವಿ ಬುಟ್ಟಿಯಿಂದ ಉಳ್ಳಾಗಡ್ಡಿ ತೆಗೆದು ನೆಲದ ಮೇಲೆ ಉರುಳಿಸಿದಳು. ಕೋಲಿನಿಂದ ತಡೆದೆ. ಎರಡನೆಯದನ್ನು ಬೀಸಿಯೇ ಎಸೆದಳು. ಎಡಗಾಲಿನ ಪ್ಯಾಡಿಗೆ ಬಡಿದು ಸೋಫಾದ ಕೆಳಗೆ ಹೋಯಿತು. ಸವಿತಾ ಸೀಟಿ ಹೊಡೆದಳು. ಮೂರನೆಯದು ನನ್ನ ಎರಡೂ ಕಾಲಿನ ನಡುವೆ ನುಸುಳಿ ಒಳಗೆ ಹೋಗಿ ಮಂಚಕ್ಕೆ ತಾಗಿತು.

"ಗೋಲ್!" ಎಂದು ಮಹಾದೇವಿ ಎರಡೂ ಕೈ ಮೇಲೆತ್ತಿದಳು. ಕೈ ಇಳಿಸುತ್ತ ಅವಳ ಮುಖ ಬದಲಾಯಿತು. ಹತ್ತಿರ ಬಂದು ನನ್ನ ಮುಖದ ಜಾಲರಿಯನ್ನು ಹಿಡಿದುಕೊಂಡಳು. "ಇದು ಇಷ್ಟು ಛಂದ ಇರ್ತಿತ್ತೇನ್ರಿ?" ಎಂದಳು.

ಅವಳು ಲೇಹ್‌ಗೆ ಬಂದವಳಲ್ಲ. ಸಂಸಾರದ ಇಷ್ಟು ವರ್ಷಗಳಲ್ಲಿ ನನ್ನ ಆಟವನ್ನು ಕಂಡದ್ದು ಅದೇ ಮೊದಲು. ಹೆಲ್ಮೆಟ್ ತೆಗೆಯಲು ನಾನು ಸ್ವಲ್ಪ ಹೊತ್ತು ತೆಗೆದುಕೊಂಡೆ.

ಹತ್ತೂಕಾಲಿಗೆ ಕಟ್ಟಿ ಮುಗಿಸಿದೆವು. ಸವಿತಾ ಕೋಲನ್ನು ಗೋಡೆಗೆ ಒರಗಿಸಿದಳು. "ಇದು ನಿನಗ ಬೇಕು ಅಪ್ಪಾ."

"ಕೋಲಿಲ್ಲದ ಗೋಲ್‌ಕೀಪರ್ ಏನ್ ಮಾಡ್ತಾಳ?"

"ನೀ ಏನ್ ಮಾಡ್ತಿ?"

ನಾನು ಕೋಲನ್ನು ಚಾದರದಲ್ಲಿ ಸುತ್ತಿ ಪಾರ್ಸೆಲಿನ ಬದಿಗೆ ಬಿಗಿದೆ. ವಿಳಾಸವನ್ನು ನಾನೇ ಬರೆದೆ, ಸ್ಕೇಲಿನಿಂದ ಗೆರೆ ಹಾಕಿಕೊಂಡು, ಒಂದೊಂದು ಅಕ್ಷರ ಬೆರಳಷ್ಟು ಎತ್ತರ. ಇರುವೆಗಳು ಲೇಹ್‌ವರೆಗೆ ಹೋಗಲಾರವು.

ಹನ್ನೊಂದಕ್ಕೆ ಪಾರ್ಸೆಲ್ ಕಚೇರಿ. ಸವಿತಾ ಮತ್ತು ರಿಕ್ಷಾದವನು ಗಂಟನ್ನು ಒಳಗೆ ಹೊತ್ತೊಯ್ದರು. ನಾನು ಬಾಗಿಲಿಗೆ ಬಂದೆ, ನಿಂತುಬಿಟ್ಟೆ. ಪಕ್ಕದಲ್ಲಿ ಮಹಾದೇವಿ ತೋಳು ಹಿಡಿದು ಎಳೆದಳು. ಎಳೆದಷ್ಟೂ ಕಾಲು ಬೇರೂರಿತು. ಹಿಂದೆ ಒಬ್ಬರು, "ಆಜೋಬಾ, ಚಲಾ ನಾ," ಎಂದರು, ನಡೆಯಿರಿ ಅಜ್ಜಾ ಎಂದು. ಒಳಗೆ ಕೌಂಟರಿನ ಮೇಲೆ ನನ್ನ ಕೋಲು ಕಾಣುತ್ತಿತ್ತು, ಹಳದಿ ಚಾದರದಲ್ಲಿ. ಈಗ ಕೂಗಿದರೆ ಸವಿತಾ ಬಿಚ್ಚಿ ತರುತ್ತಾಳೆ. ಕೂಗಲು ಉಸಿರನ್ನೂ ಎಳೆದುಕೊಂಡೆ.

ಮಹಾದೇವಿ ನನ್ನ ಮುಖ ನೋಡಿದಳು, ಕೋಲನ್ನು ನೋಡಿದಳು, ತೋಳು ಬಿಟ್ಟಳು. ಸೊಂಟದಿಂದ ಮನೆಯ ಕೀಲಿಗೊಂಚಲು ತೆಗೆದಳು. ಅಷ್ಟು ಜನರ ಮುಂದೆ ಎಡ ಚೌಕಟ್ಟಿಗೆ ಟಣ್ ಎಂದು ಹೊಡೆದಳು. ದಾಟಿ ಹೋಗಿ ಬಲ ಚೌಕಟ್ಟಿಗೆ ಟಣ್ ಎಂದು ಹೊಡೆದಳು.

"ಬರ್ರಿ," ಎಂದಳು.

ಹೋದೆ.

ಮನೆಗೆ ಬಂದಾಗ ನಮ್ಮ ಬಾಗಿಲನ್ನು ನಾನೇ ಬೆರಳ ಗೆಣ್ಣಿನಿಂದ ತಟ್ಟಿದೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಎರಡನೆಯ ಸಲಕ್ಕೆ ಕಾಲು ಎದ್ದಿತು. ಊಟ ಒಂದೂವರೆಗೆ; ನಾಷ್ಟಾ ತಪ್ಪಿದ್ದರಿಂದ ಎಲ್ಲರೂ ಹೆಚ್ಚು ಉಂಡೆವು. ಸಂಜೆ ಐದರ ಗಾಡಿಗೆ ಸವಿತಾ ಹೊರಟಳು. ಸ್ತಾನ್ಜಿನ್‌ಗೆ ಫೋನ್ ಮಾಡಿ ಸಾಮಾನು ಹೊರಟಿತೆಂದು ತಿಳಿಸಿದೆ. ಕೆರೆ ಅಂಚಿನಿಂದ ಗಟ್ಟಿಯಾಗಲು ಶುರುವಾಗಿದೆ ಎಂದ. ಫೋನನ್ನು ಕೆರೆಯ ಕಡೆಗೆ ಹಿಡಿ ಎಂದೆ. ಹಿಡಿದ. ಏನೂ ಕೇಳಿಸಲಿಲ್ಲ. ಆದರೂ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

ಏಳು ಗಂಟೆಗೆ ಗುಳಿಗೆ. ಏಳೂ ಹತ್ತಕ್ಕೆ ಅಲಮಾರಿಯ ಬಾಗಿಲು ತೆರೆದು ಶನಿವಾರದ ಸಾಲಿಗೆ ಬಂದೆ. 'ಎಂಟು ಗಂಟೆ, ಪ್ಯಾಡ್ ಬಿಸಿಲಿಗೆ.' ಎಡಗೈಯಿಂದ ಸ್ಕೇಲು ಒತ್ತಿ ಹಿಡಿದು, ಬಲಗೈಯಿಂದ ಆ ಸಾಲಿನ ಮೇಲೆ ಒಂದು ಗೆರೆ ಎಳೆದೆ. ಗೆರೆ ನೆಟ್ಟಗೆ ಬಂತು.